ಹಡಗಿನ ಪಾಯಿಖಾನೆಯ ಚರಿತ್ರೆ

ಚರಿತ್ರೆಯನ್ನು ಬರೆದವರು ಅರಸರ ಸಿಂಹಾಸನಗಳನ್ನು ಕುರಿತು ಬಹಳವಾಗಿ ಬರೆದಿದ್ದಾರೆ. ಅದೇ ಅರಸರು ಪ್ರತಿದಿನ ಬೆಳಿಗ್ಗೆ ತಪ್ಪದೆ ಏರುತ್ತಿದ್ದ ಮತ್ತೊಂದು ಪೀಠದ ವಿಷಯದಲ್ಲಿ ಮಾತ್ರ ಅವರೆಲ್ಲರೂ ಮೌನವನ್ನು ವಹಿಸಿದ್ದಾರೆ. ಈ ಮೌನಕ್ಕೆ ಸಭ್ಯತೆಯೇ ಕಾರಣವೆಂದು ಒಪ್ಪಿಕೊಳ್ಳೋಣ. ಆದರೆ ಸಭ್ಯತೆಯ ಹೆಸರಿನಲ್ಲಿ ನಾವು ಕಳೆದುಕೊಂಡಿರುವ ತಿಳಿವಳಿಕೆ ಅಲ್ಪವಾದುದಲ್ಲ. ನೆಲದ ಮೇಲೆ ಬಾಳುವವನಿಗೆ ಬಹಿರ್ದೆಶೆಗೆ ಹೋಗಲು ಬಯಲುಂಟು, ಹಿತ್ತಿಲುಂಟು, ನಗರವಾದರೆ ಒಳಚರಂಡಿಯುಂಟು. ತಿಂಗಳುಗಟ್ಟಲೆ ನೀರಿನ ಮೇಲೆಯೇ ಬಾಳಬೇಕಾದವನು ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಕೇಳಿ ಮುಗುಳ್ನಗುವ ಶ್ರೋತೃಗಳಿಗೆ ನಾವು ಮೊದಲೇ ಅರಿಕೆ ಮಾಡುವುದೇನೆಂದರೆ, ಇದಕ್ಕೆ ದೊರೆತ ಉತ್ತರಗಳ ಮೇಲೆ ಸಾವಿರಾರು ಜನರ ಆರೋಗ್ಯವೂ, ಕೆಲವೊಮ್ಮೆ ಹಡಗೇ ತೇಲುವುದೂ ಮುಳುಗುವುದೂ ನಿಂತಿತ್ತು, ಈಗಲೂ ನಿಂತಿದೆ.

ನಮ್ಮ ಕಾಲದಲ್ಲಿ ಮೂವತ್ತು ನಲವತ್ತು ಅಡಿ ಉದ್ದದ ಹಾಯಿದೋಣಿಗಳಲ್ಲಿ ಗಂಡಹೆಂಡಿರಿಬ್ಬರೇ ಮಹಾಸಾಗರಗಳನ್ನು ದಾಟುವುದುಂಟು. ಅಂಥವರು ದೋಣಿಯನ್ನು ಸಜ್ಜುಗೊಳಿಸುವಾಗ ಹಾಯಿ, ಲಂಗರು, ದಿಕ್ಸೂಚಿಗಳ ವಿಷಯದಲ್ಲಿ ಎಷ್ಟು ಆಲೋಚಿಸುತ್ತಾರೆಯೋ ಅಷ್ಟೇ ಆಲೋಚನೆಯನ್ನು ಇನ್ನೊಂದು ವಸ್ತುವಿಗೂ ಕೊಡುತ್ತಾರೆ: ಕೈಪಂಪಿನಿಂದ ನಡೆಯುವ ಪಾಯಿಖಾನೆಗಳಲ್ಲಿ ಯಾವುದು ನಂಬಿಕೆಗೆ ತಕ್ಕದ್ದು? ಅಂಗಡಿಯವನ ಬೆಲೆಪಟ್ಟಿ ಇದಕ್ಕೆ ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲದು. ಉಳಿದರ್ಧವನ್ನು ಚರಿತ್ರೆಯಲ್ಲಿ ಹುಡುಕಬೇಕು.

ಇಂಗ್ಲಿಷ್ ನಾವಿಕರ ಭಾಷೆಯಲ್ಲಿ ಹಡಗಿನ ಪಾಯಿಖಾನೆಗೆ ಇಂದಿಗೂ 'ಹೆಡ್', ಎಂದರೆ 'ತಲೆ', ಎಂದು ಹೆಸರು. ಇದರ ಮೂಲ ಸರಳವಾದುದು. ಹಡಗಿನ ತಲೆಯೆಂದರೆ ಅದರ ಮೂತಿ. ನೀರನ್ನು ಸೀಳಿಕೊಂಡು ಮುಂದೆ ಹೋಗುವ ಭಾಗ. ಹದಿನಾರು, ಹದಿನೇಳನೆಯ ಶತಮಾನಗಳ ಯೂರೋಪಿಯನ್ ಹಡಗುಗಳಲ್ಲಿ ಈ ಮೂತಿಯಿಂದ ಮುಂದಕ್ಕೆ ಹಕ್ಕಿಯ ಕೊಕ್ಕಿನಂತೆ ಒಂದು ಮರದ ಜಗಲಿ ಚಾಚಿಕೊಂಡಿರುತ್ತಿತ್ತು. ಅದರ ನೆಲಕ್ಕೆ ಹಲಗೆಯ ಬದಲು ಜಾಲರಿ. ಅಲ್ಲಿ ತೂತು ಕೊರೆದ ಪೆಟ್ಟಿಗೆಗಳನ್ನು ಕೂರಿಸಿ, ಸಾಮಾನ್ಯ ನಾವಿಕರು ತಮ್ಮ ಬಾಧೆಯನ್ನು ತೀರಿಸಿಕೊಳ್ಳಲು ಏರ್ಪಾಡು ಮಾಡಿದ್ದರು. ಸ್ಥಳದ ಆಯ್ಕೆಯಲ್ಲಿ ವಿವೇಕವಿತ್ತು. ಹಾಯಿಹಡಗು ಗಾಳಿಗೆ ನೇರವಾಗಿ ಎದುರು ಹೋಗಲಾರದು. ಗಾಳಿ ಹಿಂದಿನಿಂದಲೋ ಮಗ್ಗುಲಿನಿಂದಲೋ ಬೀಸಬೇಕು. ಆದಕಾರಣ ಮೂತಿಯೆಂಬುದು ಬಹುಮಟ್ಟಿಗೆ ಗಾಳಿ ಹಡಗನ್ನು ಬಿಟ್ಟು ಹೊರಟುಹೋಗುವ ಕಡೆ. ದುರ್ಗಂಧವೂ ಅದರೊಡನೆಯೇ ಹೊರಟುಹೋಗುತ್ತಿತ್ತು. ಅಲೆಗಳು ಬಂದು ಬಡಿದು ಆ ಜಗಲಿಯನ್ನು ತೊಳೆಯುತ್ತಿದ್ದುವು. ಜಾಡಮಾಲಿಯ ಕೆಲಸವನ್ನು ಸಮುದ್ರರಾಜನೇ ಸಂಬಳವಿಲ್ಲದೆ ಮಾಡುತ್ತಿದ್ದನೆನ್ನಬಹುದು.

ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಇದನ್ನು ಈಗಲೂ ಕಣ್ಣಾರೆ ನೋಡಬಹುದು. 'ವಾಸಾ' ಎಂಬ ಮಹಾನೌಕೆ ೧೬೨೮ನೆಯ ಇಸವಿ ಆಗಸ್ಟ್ ೧೦ರಂದು ತನ್ನ ಪ್ರಥಮ ಪ್ರಯಾಣದಲ್ಲಿಯೇ, ಬಂದರನ್ನು ದಾಟುವುದಕ್ಕೆ ಮೊದಲೇ ವಾಲಿ ಮುಳುಗಿತು. ಮುನ್ನೂರ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕೆಸರಿನಲ್ಲಿದ್ದು ೧೯೬೧ರಲ್ಲಿ ಮೇಲಕ್ಕೆ ಬಂದ ಆ ಹಡಗಿನ ಮೂತಿಯಲ್ಲಿ ಇಂಥ ಎರಡು ಪೀಠಗಳು ಉಳಿದುಬಂದಿವೆ. ಎರಡೇ ಪೀಠಗಳು, ಹಡಗಿಗೆ ಗೊತ್ತುಮಾಡಿದ್ದ ನಾವಿಕರೂ ಸಿಪಾಯಿಗಳೂ ಸೇರಿ ಸುಮಾರು ೪೫೦ ಮಂದಿ. ತ್ರೈರಾಶಿಕವನ್ನು ಬಲ್ಲ ಯಾರಾದರೂ ಇದರ ಅರ್ಥವನ್ನು ಕ್ಷಣದಲ್ಲಿ ತಿಳಿದುಕೊಳ್ಳುವರು. ಇಂಥ ಹಡಗುಗಳಲ್ಲಿ ಉಳಿದವರು ಹಗ್ಗ ಹಿಡಿದು ಹೊರಗೆ ಜೋಲುತ್ತಿದ್ದರು, ಬಕೆಟ್ಟಿಗೆ ಮೊರೆಹೋಗುತ್ತಿದ್ದರು. ಕತ್ತಲೆಯಲ್ಲಿ, ಬಿರುಗಾಳಿಯಲ್ಲಿ, ಕಾಯಿಲೆಯಲ್ಲಿ ಹಡಗಿನ ತಳದ ಉಸುಕಿನ ಮೇಲೆಯೇ ಮುಗಿಸುತ್ತಿದ್ದರು.

ದೊಡ್ಡವರ ಏರ್ಪಾಡು ಬೇರೆ. ಕಪ್ತಾನನೂ ಅಧಿಕಾರಿಗಳೂ ಹಡಗಿನ ಹಿಂಭಾಗದಲ್ಲಿ ವಾಸವಾಗಿರುತ್ತಿದ್ದರು. ಅಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿದ, ಗಾಜಿನ ಕಿಟಕಿಗಳುಳ್ಳ, ಕೆತ್ತನೆಯಿಂದ ಅಲಂಕೃತವಾದ ಸಣ್ಣ ಮೊಗಸಾಲೆಗಳಿದ್ದುವು. ದೂರದಿಂದ ನೋಡುವವನಿಗೆ ಅವು ಅರಮನೆಯ ಉಪ್ಪರಿಗೆಗಳಂತೆ ಕಾಣುತ್ತವೆ. ಹಳೆಯ ನೌಕಾಯುದ್ಧದ ಚಿತ್ರಗಳಲ್ಲಿ ಚಿತ್ರಕಾರರು ಅವುಗಳಿಗೆ ಚಿನ್ನದ ಬಣ್ಣವನ್ನು ತುಂಬಿದ್ದಾರೆ. ಒಳಗೆ ಇದ್ದುದು ಇದೇ ಪೀಠ. ವರ್ಣಭೇದವೆಂಬುದು ನಮ್ಮ ದೇಶದ್ದೇ ಸ್ವತ್ತೆಂದು ತಿಳಿದವರು ಹಡಗಿನ ಈ ಎರಡು ತುದಿಗಳನ್ನು ಒಮ್ಮೆ ಹೋಲಿಸಿ ನೋಡಬೇಕು.

ಸ್ಪೇನಿನವರು ಇಂಥ ಪೀಠಗಳಿಗೆ 'ತೋಟ'ವೆಂದು ಹೆಸರಿಟ್ಟಿದ್ದರು. ೧೫೭೩ರಲ್ಲಿ ಯೂಹೇನಿಯೊ ದೆ ಸಲಸಾರ್ ಎಂಬ ನ್ಯಾಯಾಧಿಕಾರಿ ಹೆಂಡತಿ ಮಕ್ಕಳೊಡನೆ ಸಾಂತೊ ದೊಮಿಂಗೊ ದ್ವೀಪಕ್ಕೆ ಪ್ರಯಾಣ ಮಾಡಿ, ಆ ಪ್ರಯಾಣದ ಅವಸ್ಥೆಯನ್ನು ಮಿತ್ರನಿಗೆ ಒಂದು ಪತ್ರದಲ್ಲಿ ವಿನೋದವಾಗಿ ವರ್ಣಿಸಿದ್ದಾನೆ. ಸಮುದ್ರದ ಮೇಲೆ ಜೋತುಬಿದ್ದು, ಅಲೆ ಏರಿದಾಗಲೂ ಇಳಿದಾಗಲೂ ಆಕಾಶಕ್ಕೆ ನಮಸ್ಕಾರ ಮಾಡುತ್ತ, ಪ್ರಾಣವನ್ನು ಕೈಯಲ್ಲಿ ಹಿಡಿದು ಕುಳಿತ ನ್ಯಾಯಾಧೀಶನ ಚಿತ್ರ ಅದರಲ್ಲಿ ದೊರೆಯುತ್ತದೆ. ಪೀಠದಿಂದ ತೀರ್ಪು ಹೇಳುವ ಅಭ್ಯಾಸವುಳ್ಳವನಿಗೆ ಆ ಪೀಠ ಬೇರೊಂದು ಪಾಠವನ್ನು ಕಲಿಸಿರಬೇಕು.

ನಮ್ಮ ಪಶ್ಚಿಮ ಸಮುದ್ರದಲ್ಲಿಯೂ ಇದೇ ಸಮಸ್ಯೆ. ಅದಕ್ಕೆ ಕೊಟ್ಟ ಉತ್ತರ ಇನ್ನೂ ಸರಳ. ಮರಕ್ಕಾಗಿ ಮಂಗಳೂರು, ಕಲ್ಲಿಕೋಟೆಗಳ ಕಡೆಗೆ ಮಳೆಗಾಲ ಕಳೆದಮೇಲೆ ಬರುತ್ತಿದ್ದ ಅರಬ್ಬೀ ಹಾಯಿಹಡಗುಗಳಲ್ಲಿ ಹಿಂಭಾಗದ ಹೊರಮಗ್ಗುಲಿಗೆ ಒಂದು ಮರದ ಗೂಡನ್ನು ಕಟ್ಟಿ ನೇತುಹಾಕಿರುತ್ತಿದ್ದರು. ಅದರೊಳಗೆ ಒಬ್ಬನು ಕುಕ್ಕುರು ಕೂರಬಹುದು, ಕೆಳಗೆ ಸಮುದ್ರ. ಯಂತ್ರವಿಲ್ಲ, ಕವಾಟವಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ನಂಬಿಕೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇದಕ್ಕಿಂತ ಮೇಲಾದುದು ಇಂದಿಗೂ ಹುಟ್ಟಿಲ್ಲ.

ಹೀಗಿದ್ದರೂ ಈ ಹಳೆಯ ವ್ಯವಸ್ಥೆಯನ್ನು ಹೊಗಳಿ ಮುಂದಕ್ಕೆ ಹೋಗುವಂತಿಲ್ಲ. ೧೭೫೬ರಿಂದ ೧೭೬೩ರವರೆಗೆ ನಡೆದ ಸಪ್ತವರ್ಷ ಯುದ್ಧದಲ್ಲಿ ಬ್ರಿಟಿಷ್ ನೌಕಾದಳಕ್ಕೆ ಸೇರಿದವರು ೧,೮೪,೮೯೯ ಮಂದಿ. ಕಾಳಗದಲ್ಲಿ ಸತ್ತವರು ೧,೫೧೨. ರೋಗದಿಂದ ಸತ್ತವರೂ ತಲೆತಪ್ಪಿಸಿಕೊಂಡು ಹೋದವರೂ ಕೂಡಿ ೧,೩೩,೭೦೮ ಎಂಬ ಲೆಕ್ಕ ಆ ಕಾಲದಲ್ಲಿಯೇ ಪ್ರಕಟವಾಯಿತು. ಓಡಿಹೋದವರು ಎಷ್ಟೇ ಇರಲಿ, ಶತ್ರುವಿನ ಗುಂಡಿಗಿಂತ ರಕ್ತಪಿತ್ತವ್ಯಾಧಿ, ಜ್ವರ, ರಕ್ತಭೇದಿಗಳೇ ಹೆಚ್ಚು ಜನರನ್ನು ಕೊಂದುವೆಂಬುದರಲ್ಲಿ ಸಂಶಯವಿಲ್ಲ. ಇವುಗಳಲ್ಲಿ ರಕ್ತಭೇದಿಯ ಬೀಜ ಎಲ್ಲಿಂದ ಎಲ್ಲಿಗೆ ಹೋಗುತ್ತದೆಯೆಂಬುದನ್ನು ನಾವು ಇಂದು ಬಲ್ಲೆವು. ಬೇನೆಯಿಂದ ನಿಲ್ಲಲಾರದ ಮನುಷ್ಯನನ್ನು ಅಲೆ ಬಡಿಯುವ ಮೂತಿಗೆ ಕಳುಹಿಸುವ ವ್ಯವಸ್ಥೆ ಅವನನ್ನಾದರೂ ಕೊಲ್ಲುತ್ತದೆ, ಅವನು ಅಲ್ಲಿಗೆ ಹೋಗದಿದ್ದರೆ ಅವನ ನೆರೆಯವರನ್ನಾದರೂ ಕೊಲ್ಲುತ್ತದೆ. ಪಾಯಿಖಾನೆ ಹಡಗಿನೊಳಕ್ಕೆ ಬರಬೇಕಾಗಿತ್ತು.

ಒಳಕ್ಕೆ ತರಬಲ್ಲ ಯಂತ್ರ ಹುಟ್ಟಿದ್ದು ನೆಲದ ಮೇಲೆ. ಎಲಿಜಬೆತ್ ರಾಣಿಯ ಧರ್ಮಪುತ್ರನಾದ ಸರ್ ಜಾನ್ ಹ್ಯಾರಿಂಗ್‌ಟನ್ ೧೫೯೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ನೀರಿನ ತೊಟ್ಟಿಯೂ ಕವಾಟವೂ ಉಳ್ಳ ಪಾಯಿಖಾನೆಯನ್ನು ವಿವರಿಸಿದನು. ಜನರು ಪುಸ್ತಕವನ್ನು ಓದಿ ನಕ್ಕರು. ಯಂತ್ರವನ್ನು ಮಾಡಿಸಿಕೊಂಡವರು ವಿರಳ. ಸುಮಾರು ನೂರ ಎಂಬತ್ತು ವರ್ಷಗಳ ತರುವಾಯ, ೧೭೭೫ರಲ್ಲಿ, ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು ಕೊಳವೆಯನ್ನು ಹಾವಿನಂತೆ ಬಾಗಿಸಿ, ಆ ಬಾಗಿನಲ್ಲಿ ನಿಂತ ನೀರಿನಿಂದಲೇ ದುರ್ಗಂಧವನ್ನು ತಡೆಯುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಇಂದು ನಮ್ಮ ಮನೆಗಳಲ್ಲಿ ಇರುವುದೂ ಅದೇ ಬಾಗು. ಮೂರು ವರ್ಷಗಳ ಮೇಲೆ, ೧೭೭೮ರಲ್ಲಿ, ಜೋಸೆಫ್ ಬ್ರಾಮಾ ಎಂಬ ಬಡಗಿ ಕಮಿಂಗನ ಜಾರುವ ಕವಾಟದ ಬದಲು ಕೀಲಿನ ಮೇಲೆ ತೆರೆದು ಮುಚ್ಚುವ ಕವಾಟವನ್ನಿಟ್ಟು ಅದನ್ನು ಸುಧಾರಿಸಿದನು. ಬೀಗಕ್ಕೂ ಜಲಶಕ್ತಿಯ ಒತ್ತುಯಂತ್ರಕ್ಕೂ ಹೆಸರಾದ ಬ್ರಾಮಾ ಇವನೇ. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಎಂಬಾತನು ಸಾರ್ವಜನಿಕ ಪಾಯಿಖಾನೆಗಳನ್ನಿಟ್ಟಾಗ ೮,೨೭,೨೮೦ ಮಂದಿ ತಲೆಗೊಂದು ಪೆನ್ನಿ ತೆತ್ತು ಅವನ್ನು ಉಪಯೋಗಿಸಿದರು.

ಕಮಿಂಗನ ಬಾಗು ಜಗತ್ತನ್ನೆಲ್ಲ ಗೆದ್ದರೂ ಸಮುದ್ರದಲ್ಲಿ ಸೋತಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬಾಗಿನಲ್ಲಿ ನಿಂತ ನೀರು ನಿಶ್ಚಲವಾಗಿರುವುದು ನೆಲ ನಿಶ್ಚಲವಾಗಿರುವವರೆಗೆ ಮಾತ್ರ. ಹಡಗು ಉರುಳಾಡಿದರೆ ಅದು ತುಳುಕಿಹೋಗುತ್ತದೆ. ಸಮುದ್ರದಲ್ಲಿ ಬದುಕಿದ್ದು ಬ್ರಾಮಾನ ಕೀಲುಕವಾಟದ ವಂಶ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಮನೆಯ ಪಾಯಿಖಾನೆ ನಡೆಯುವುದು ಭೂಮಿಯ ಆಕರ್ಷಣೆಯಿಂದ: ತೊಟ್ಟಿ ಮೇಲೆ, ಚರಂಡಿ ಕೆಳಗೆ, ನೀರು ತಾನಾಗಿ ಇಳಿಯುತ್ತದೆ. ದೊಡ್ಡ ಹಬೆಹಡಗಿನಲ್ಲಿ ಪಾಯಿಖಾನೆಯನ್ನು ಸಮುದ್ರದ ಮಟ್ಟಕ್ಕಿಂತ ಎಷ್ಟೋ ಮೇಲಿನ ಅಂತಸ್ತಿನಲ್ಲಿ ಇಡಬಹುದು. ಯಂತ್ರವು ಸಮುದ್ರದ ನೀರನ್ನು ಮೇಲಕ್ಕೆ ತಳ್ಳಿದರೆ ಉಳಿದುದನ್ನು ಆಕರ್ಷಣೆಯೇ ನೋಡಿಕೊಳ್ಳುತ್ತದೆ. ಗಾಳಿಯ ಹಂಗು ತಪ್ಪಿದ ಆ ಹಡಗುಗಳಲ್ಲಿ ಪಾಯಿಖಾನೆ ಮೂತಿಯನ್ನು ಬಿಟ್ಟು ಎಲ್ಲೆಂದರಲ್ಲಿ ಹರಡಿಕೊಂಡಿತು. 'ತಲೆ'ಯೆಂಬ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಸಣ್ಣ ಹಾಯಿದೋಣಿಯಲ್ಲಾದರೋ ಮನುಷ್ಯನು ಕುಳಿತುಕೊಳ್ಳುವ ಸ್ಥಳವೇ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಗುಂಡಿಯಿಂದ ಹೊರಕ್ಕೆ ಒಂದು ಕೊಳವೆಯನ್ನು ಬಿಟ್ಟರೆ ಒಳಗಿನದು ಹೊರಕ್ಕೆ ಹೋಗುವುದಿಲ್ಲ. ಹೊರಗಿನ ಸಮುದ್ರವೇ ಒಳಕ್ಕೆ ಬರುತ್ತದೆ. ಮನೆಯಲ್ಲಿ ಆಳಾಗಿ ದುಡಿಯುವ ಆಕರ್ಷಣಶಕ್ತಿ ದೋಣಿಯಲ್ಲಿ ಕನ್ನಗಳ್ಳನಾಗುತ್ತದೆ.

ಈ ಕಳ್ಳನನ್ನು ಎದುರಿಸುವುದಕ್ಕಾಗಿಯೇ ಕೈಪಂಪು ಬಂದುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಸಣ್ಣ ದೋಣಿಗಳಲ್ಲಿ ವಿಹಾರಕ್ಕೆ ಹೋಗುವ ಅಭ್ಯಾಸ ಮಧ್ಯಮ ವರ್ಗದವರಲ್ಲಿಯೂ ಹರಡಿದಂತೆಲ್ಲ, ಬಕೆಟ್ಟಿನಿಂದ ತೃಪ್ತರಾಗದ ಯಜಮಾನರೂ, ಅವರಿಗಿಂತ ಹೆಚ್ಚಾಗಿ ತೃಪ್ತರಾಗದ ಅವರ ಪತ್ನಿಯರೂ ಈ ಯಂತ್ರವನ್ನು ಬಯಸಿದರು. ಇಂಗ್ಲೆಂಡಿನಲ್ಲಿ ಗಾಸ್ಪೋರ್ಟಿನ ಬ್ಲೇಕ್ ಕಂಪೆನಿಯವರು, ಅಮೆರಿಕದಲ್ಲಿ ಕನೆಕ್ಟಿಕಟ್ ಸಂಸ್ಥಾನದ ವಿಲ್ಕಾಕ್ಸ್ ಕ್ರಿಟೆಂಡನ್ ಕಂಪೆನಿಯವರು ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಪ್ರಸಿದ್ಧರಾದರು. ಪಿಂಗಾಣಿಯ ಗುಂಡಿ, ಕಂಚಿನ ಪಂಪು, ಮರದ ಪೀಠ. ತೂಕವೂ ಬಹಳ. ತಾತನು ಕೂರಿಸಿದ್ದನ್ನು ಮೊಮ್ಮಗನು ಉಪಯೋಗಿಸಬಹುದೆಂಬ ಹೆಗ್ಗಳಿಕೆ ಅಂಥವಕ್ಕೆ ಇತ್ತು.

ಈ ಪಂಪಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬ ವಾದವೆಲ್ಲ ಇದರೊಳಗಿದೆ. ಸಾಮಾನ್ಯ ಮಾದರಿಯಲ್ಲಿ ಇರುವುದು ಒಂದೇ ನಳಿಕೆ, ಅದರೊಳಗೆ ಒಂದೇ ಪಿಸ್ಟನ್. ಪಿಸ್ಟನ್ನಿನ ಮೇಲುಭಾಗ ಶುದ್ಧವಾದ ಸಮುದ್ರದ ನೀರಿನದು, ಕೆಳಭಾಗ ಮಲಿನದ್ದು. ಹಿಡಿಯನ್ನು ಮೇಲಕ್ಕೆಳೆದಾಗ ಗುಂಡಿಯಲ್ಲಿರುವುದು ಕೆಳಭಾಗಕ್ಕೆ ಇಳಿಯುತ್ತದೆ. ಅದೇ ವೇಳೆಗೆ ಮೇಲುಭಾಗದ ನೀರು ಗುಂಡಿಗೆ ಹೋಗಿ ಅದನ್ನು ತೊಳೆಯುತ್ತದೆ. ಹಿಡಿಯನ್ನು ಕೆಳಕ್ಕೆ ಒತ್ತಿದಾಗ ಮಲಿನವು ಹೊರಕೊಳವೆಗೆ ತಳ್ಳಲ್ಪಡುತ್ತದೆ; ಮೇಲುಭಾಗ ಸಮುದ್ರದಿಂದ ಹೊಸ ನೀರನ್ನು ಸೆಳೆದುಕೊಳ್ಳುತ್ತದೆ. ಒಂದು ಸಣ್ಣ ಸನ್ನೆಯನ್ನು ತಿರುಗಿಸಿದರೆ ನೀರು ಬರುವುದು ನಿಂತು, ಗುಂಡಿ ಬರಿದಾಗುತ್ತದೆ. ಶುಚಿಗೂ ಅಶುಚಿಗೂ ನಡುವೆ ಒಂದೇ ಒಂದು ರಬ್ಬರಿನ ಉಂಗುರ! ಮಡಿವಂತರು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳಬಹುದು. ಆದರೆ ಎಂಜಿನಿಯರನ ಕಣ್ಣಿನಲ್ಲಿ ಇದು ಸುಂದರವಾದ ಮಿತವ್ಯಯ.

ಹೊರಕೊಳವೆಯ ಬಾಯಿಯಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರಿನ ಕವಾಟವೊಂದಿದೆ. ಹೊರಕ್ಕೆ ಹೋಗುವುದಕ್ಕೆ ಅದು ಬಾಯಿ ಬಿಡುತ್ತದೆ, ಹಿಂದಕ್ಕೆ ಬರುವುದಕ್ಕೆ ತುಟಿ ಬಿಗಿಯುತ್ತದೆ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗ ಇದು. ಅತ್ಯಂತ ಮುಖ್ಯವಾದುದೂ ಇದೇ. ಮೂತ್ರವೂ ಸಮುದ್ರದ ನೀರೂ ಕೂಡಿದಲ್ಲಿ ಸುಣ್ಣದಂಥ ಗಟ್ಟಿ ಪದರವೊಂದು ಕಟ್ಟಿಕೊಳ್ಳುತ್ತದೆ. ನಮ್ಮ ಸ್ನಾನದ ಹಂಡೆಗಳಲ್ಲಿ ಗಡುಸು ನೀರಿನಿಂದ ಕಟ್ಟುವ ಬಿಳಿಯ ಹೊಪ್ಪಳೆಯನ್ನು ನೋಡಿದವರಿಗೆ ಇದು ಹೊಸದಲ್ಲ. ಆ ಪದರ ಕೊಕ್ಕಿನ ತುಟಿಗಳ ಮೇಲೆ ಕುಳಿತರೆ ಅವು ಪೂರ್ತಿಯಾಗಿ ಮುಚ್ಚಿಕೊಳ್ಳಲಾರವು. ಕೊಳವೆಯೊಳಗೆ ಕುಳಿತರೆ ಒಂದೂವರೆ ಅಂಗುಲದ ದಾರಿ ವರ್ಷಗಳು ಕಳೆದಂತೆ ಬೆರಳಗಲಕ್ಕೆ ಇಳಿಯುತ್ತದೆ.

ಇಷ್ಟಾದರೆ ಬರಿಯ ಅಸಹ್ಯ. ಅಪಾಯ ಬೇರೆ ಕಡೆ ಇದೆ. ಸೀಮೆಎಣ್ಣೆಯ ಡಬ್ಬಿಯಿಂದ ರಬ್ಬರಿನ ಕೊಳವೆಯ ಮೂಲಕ ಎಣ್ಣೆಯನ್ನು ಇಳಿಸುವುದನ್ನು ಎಲ್ಲರೂ ಬಲ್ಲರು: ಬಾಯಿಂದ ಒಮ್ಮೆ ಸೆಳೆದು ಬಿಟ್ಟರೆ ಸಾಕು, ಡಬ್ಬಿ ಬರಿದಾಗುವವರೆಗೆ ಎಣ್ಣೆ ತಾನಾಗಿಯೇ ಹರಿಯುತ್ತದೆ. ದೋಣಿಯ ಗುಂಡಿ ಸಮುದ್ರದ ಮಟ್ಟಕ್ಕಿಂತ ಕೆಳಗಿರುವುದರಿಂದ ಇಲ್ಲಿ ಸಮುದ್ರವೇ ಡಬ್ಬಿ. ದೋಣಿಯೇ ಕೆಳಗಿಟ್ಟ ಪಾತ್ರೆ. ಪಂಪನ್ನು ಒಮ್ಮೆ ನಡೆಯಿಸಿದಾಗ ಕೊಳವೆ ತುಂಬುತ್ತದೆ. ಕವಾಟ ಸವೆದಿದ್ದು, ಸನ್ನೆಯನ್ನು ತಿರುಗಿಸುವುದು ಮರೆತರೆ, ನೀರು ಸದ್ದಿಲ್ಲದೆ ಒಳಕ್ಕೆ ಹರಿಯುತ್ತಲೇ ಇರುತ್ತದೆ. ಯಜಮಾನನು ದಡದಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಗುಂಡಿ ತುಂಬಿ ಹೊರಚೆಲ್ಲಿ, ಬಿರುಗಾಳಿಗೆ ಜಗ್ಗದ ದೋಣಿ ಶಾಂತವಾದ ಬಂದರಿನಲ್ಲಿ ಲಂಗರು ಹಾಕಿದ ಸ್ಥಳದಲ್ಲಿಯೇ ಮುಳುಗಿರಬಹುದು. ಹೀಗೆ ಮುಳುಗಿದ ದೋಣಿಗಳು ಒಂದೆರಡಲ್ಲ. ಕೊಳವೆಯೇ ಕಳಚಿಕೊಂಡರಂತೂ ಗತಿ ಇನ್ನೂ ಬೇಗ: ನೀರಿನ ಮಟ್ಟದಿಂದ ಎರಡು ಅಡಿ ಕೆಳಗಿರುವ ಒಂದೂವರೆ ಅಂಗುಲದ ತೂತಿನಿಂದ ನಿಮಿಷಕ್ಕೆ ನೂರು ಲೀಟರಿಗೂ ಮೀರಿ ನೀರು ನುಗ್ಗುತ್ತದೆಂದು ಗಣಿತ ಹೇಳುತ್ತದೆ.

ಇದಕ್ಕೆ ಪ್ರತೀಕಾರವೂ ಹಳೆಯದೇ. ಕೊಳವೆಯನ್ನು ದೋಣಿಯ ಹೊರಗಿನ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಕ್ಕೆ ಕಮಾನಿನಂತೆ ಏರಿಸಿ, ಆ ಕಮಾನಿನ ನೆತ್ತಿಯಲ್ಲಿ ಗಾಳಿಯಾಡುವ ಸಣ್ಣ ಕವಾಟವೊಂದನ್ನು ಇಡಬೇಕು. ಗಾಳಿ ಒಳಕ್ಕೆ ಬಂದೊಡನೆ ನೀರಿನ ಸರಪಣಿ ಕಡಿದುಹೋಗುತ್ತದೆ. ದೋಣಿ ಗಾಳಿಗೆ ವಾಲಿದಾಗಲೂ ಕಮಾನು ನೀರಿಗಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಒಳಬರುವ ಕೊಳವೆಗೂ ಹೊರಹೋಗುವ ಕೊಳವೆಗೂ ಗೋಡೆಯ ಬಳಿ ಒಂದೊಂದು ಕಂಚಿನ ತಿರುಗಣಿ ಇರತಕ್ಕದ್ದು. ಕೆಲಸ ಮುಗಿದಮೇಲೆ ಅವೆರಡನ್ನೂ ಮುಚ್ಚತಕ್ಕದ್ದು. ಎಷ್ಟು ಬೆಲೆಯ ಪಾಯಿಖಾನೆಯನ್ನು ಕೊಂಡರೂ ಈ ಎರಡು ಏರ್ಪಾಡುಗಳಿಲ್ಲದಿದ್ದರೆ ಅದು ವ್ಯರ್ಥವೆಂದೇ ನಾವು ತಿಳಿಯುತ್ತೇವೆ.

ಪಾಯಿಖಾನೆಯೊಂದು ಯುದ್ಧನೌಕೆಯನ್ನೇ ಕಳೆದ ಕಥೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ನೀರಿನೊಳಗೆ ಆಳಕ್ಕೆ ಹೋದಂತೆಲ್ಲ ಹೊರಗಿನ ಒತ್ತಡ ಹೆಚ್ಚುತ್ತದೆ. ಆದಕಾರಣ ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ಪಾಯಿಖಾನೆಯನ್ನು ಮೇಲುಮಟ್ಟಕ್ಕೆ ಸಮೀಪವಾಗಿದ್ದಾಗ ಮಾತ್ರ ಹೊರಕ್ಕೆ ಬಿಡಬಹುದಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಶತ್ರುವಿಮಾನಗಳ ಭಯದಿಂದ ಮೇಲಕ್ಕೆ ಬರುವುದೇ ದುಸ್ತರವಾದಾಗ, ಆಳದಲ್ಲಿಯೂ ನಡೆಯುವ ಹೊಸದೊಂದು ಅಧಿಕ ಒತ್ತಡದ ಪಾಯಿಖಾನೆಯನ್ನು ಕೂರಿಸಿದರು. ಅದರ ಕವಾಟಗಳನ್ನು ಇಂಥದೇ ಕ್ರಮದಲ್ಲಿ ತೆರೆದು ಮುಚ್ಚಬೇಕು. ಕ್ರಮ ತಪ್ಪಿದರೆ ಸಮುದ್ರ ಒಳಕ್ಕೆ. ೧೯೪೫ನೆಯ ಇಸವಿ ಏಪ್ರಿಲ್ ೧೪ರಂದು 'ಯು-೧೨೦೬' ಎಂಬ ಜಲಾಂತರ್ಗಾಮಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಸಮೀಪದಲ್ಲಿ ಸುಮಾರು ಅರುವತ್ತು ಮೀಟರ್ ಆಳದಲ್ಲಿತ್ತು. ಅಲ್ಲಿ ಹೊರಗಿನ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಆರರಷ್ಟು. ಪಾಯಿಖಾನೆಯ ಮಾರ್ಗವಾಗಿ ನೀರು ನುಗ್ಗಿತು. ಕೆಳಗಿದ್ದ ಬ್ಯಾಟರಿಗಳಿಗೆ ಉಪ್ಪುನೀರು ತಾಗಿ ಕ್ಲೋರೀನ್ ಎಂಬ ವಿಷವಾಯು ಹುಟ್ಟಿತು. ಉಸಿರಾಡಲಾರದೆ ಮೇಲಕ್ಕೆ ಬಂದರು. ವಿಮಾನಗಳ ಕಣ್ಣಿಗೆ ಬಿದ್ದರು. ಕೊನೆಗೆ ಕಪ್ತಾನ ಶ್ಲಿಟ್ ನೌಕೆಯನ್ನು ಬಿಟ್ಟುಕೊಡಲು ಆಜ್ಞೆ ಮಾಡಿದನು. ನಾಲ್ವರು ಸತ್ತರು, ಉಳಿದವರು ಸೆರೆಯಾದರು. ಕಪ್ತಾನನೇ ತಾನು ಪಾಯಿಖಾನೆಗೆ ಹೋಗಿ ಕವಾಟವನ್ನು ತಪ್ಪು ತಿರುಗಿಸಿದನೆಂದು ಲೋಕ ಇಂದಿಗೂ ನಗುತ್ತ ಹೇಳುತ್ತದೆ. ಅವನ ಹೇಳಿಕೆ ಬೇರೆ: ತಾನು ಆಗ ಎಂಜಿನ್ ಕೋಣೆಯಲ್ಲಿದ್ದೆನೆಂದೂ, ಮುಂಭಾಗದ ಪಾಯಿಖಾನೆಯನ್ನು ರಿಪೇರಿ ಮಾಡಲು ಹೋದಾಗ ನೀರು ನುಗ್ಗಿತೆಂದೂ ಅವನು ಬರೆದಿಟ್ಟನು. ಕಥೆ ಚೆನ್ನಾಗಿದ್ದಷ್ಟೂ ಸಾಕ್ಷ್ಯವನ್ನು ಎರಡು ಸಾರಿ ನೋಡಬೇಕೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇದು ಅಂಥ ಸಂದರ್ಭ. ಕಪ್ತಾನನ ಮಾತೇ ನಮಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ. ಇಪ್ಪತ್ತನಾಲ್ಕು ದಿನಗಳ ಮೇಲೆ, ಮೇ ೮ರಂದು, ಜರ್ಮನಿಯ ಶರಣಾಗತಿಯಿಂದ ಯೂರೋಪಿನ ಯುದ್ಧವೇ ಮುಗಿಯಿತು. ಆ ನಾಲ್ವರು ಅಷ್ಟು ದಿನ ಕಾಯಬಹುದಾಗಿತ್ತು.

ಇನ್ನು ಆಯ್ಕೆಯ ಮಾತು. ಯು-೧೨೦೬ರ ಪಾಯಿಖಾನೆ ಕೆಟ್ಟ ಯಂತ್ರವಾಗಿರಲಿಲ್ಲ. ಅದು ತನ್ನನ್ನು ಉಪಯೋಗಿಸುವವರ ಕೈಗೆ ಮೀರಿದ ಯಂತ್ರವಾಗಿತ್ತು. ದೂರ ಪ್ರಯಾಣದ ದೋಣಿಗೆ ಬೇಕಾದುದು ನಿದ್ದೆಗಣ್ಣಿನಲ್ಲಿ, ಕತ್ತಲೆಯಲ್ಲಿ, ಹೊಟ್ಟೆ ತೊಳಸುತ್ತಿರುವಾಗ, ಮೊದಲ ಸಲ ದೋಣಿ ಹತ್ತಿದ ಅತಿಥಿಯೂ ತಪ್ಪಿಲ್ಲದೆ ನಡೆಯಿಸಬಹುದಾದ ಯಂತ್ರ. ಇಂದು ದೊರೆಯುವವುಗಳಲ್ಲಿ ಮೂರು ಜಾತಿಗಳನ್ನು ಹೇಳಬಹುದು. ಜಾಬ್ಸ್ಕೊ ಮೊದಲಾದವರ ಪ್ಲಾಸ್ಟಿಕ್ ಪಂಪಿನವು ಬೆಲೆಯಲ್ಲಿ ಅಗ್ಗ, ತೂಕದಲ್ಲಿ ಹಗುರ. ಬೇರೆ ಭಾಗಗಳು ದೊಡ್ಡ ಬಂದರುಗಳಲ್ಲೆಲ್ಲ ಸಿಗುತ್ತವೆ. ಆದರೆ ಪ್ಲಾಸ್ಟಿಕ್ ಸವೆಯುತ್ತದೆ. ಪಿಸ್ಟನ್ನಿನ ದಂಟಿನ ಸುತ್ತ ನೀರು ಜಿನುಗುವುದು ಅದರ ಮುಪ್ಪಿನ ಮೊದಲ ಗುರುತು. ಕೊನೆಗೆ ಪಂಪನ್ನೇ ಎಸೆದು ಹೊಸದನ್ನು ಹಾಕಬೇಕು. ರಜೆಯ ದಿನಗಳಲ್ಲಿ ವಿಹಾರಕ್ಕೆ ಹೋಗುವವರಿಗೆ ಇದರಲ್ಲಿ ದೋಷವೇನೂ ಇಲ್ಲ. ಕಂಚಿನವು ದುಬಾರಿ, ಭಾರ; ಆದರೆ ಸವೆದರೆ ಯಾವ ಊರಿನ ಕಮ್ಮಟದಲ್ಲಿಯಾದರೂ ಕಡೆಯಿಸಿಕೊಳ್ಳಬಹುದು, ಭಾಗಗಳನ್ನು ಹೊಸದಾಗಿ ಎರಕ ಹೊಯ್ಯಿಸಬಹುದು. ಕಾರ್ಖಾನೆ ಮುಚ್ಚಿಹೋದರೂ ಯಂತ್ರ ಸಾಯುವುದಿಲ್ಲ.

ಮೂರನೆಯದು ಇಂಗ್ಲೆಂಡಿನ 'ಲಾವಾಕ್' ಎಂಬ ಮಾದರಿ. ಇದರ ಯುಕ್ತಿ ನಮ್ಮ ಮನಸ್ಸನ್ನು ಸೆಳೆದಿದೆ. ಇದರ ಪೀಠಕ್ಕೂ ಮುಚ್ಚಳಕ್ಕೂ ರಬ್ಬರಿನ ಅಂಚು, ಮುಚ್ಚಿದರೆ ಗಾಳಿಯಾಡುವುದಿಲ್ಲ. ಪಂಪು ಒಂದೇ, ಅದೂ ಪಿಸ್ಟನ್ನಿಲ್ಲದ, ರಬ್ಬರಿನ ಪೊರೆಯೊಂದು ತಿದಿಯಂತೆ ಉಬ್ಬಿ ತಗ್ಗುವ ಪಂಪು. ಮುಚ್ಚಳ ಹಾಕಿ ಅದನ್ನು ನಡೆಯಿಸಿದರೆ ಗುಂಡಿಯಲ್ಲಿರುವುದು ಹೊರಕ್ಕೆ ಹೋಗುತ್ತದೆ. ಒಳಗೆ ಉಂಟಾದ ನಿರ್ವಾತವೇ ಸಮುದ್ರದಿಂದ ಶುದ್ಧ ನೀರನ್ನು ಗುಂಡಿಗೆ ಎಳೆದುಕೊಳ್ಳುತ್ತದೆ. ಹೊಸ ನೀರಿಗೆ ಬೇರೆ ಪಂಪಿಲ್ಲ, ತಿರುಗಿಸಲು ಸನ್ನೆಯಿಲ್ಲ, ಮರೆಯುವುದಕ್ಕೆ ಎಡೆಯಿಲ್ಲ. ಪೊರೆ ಹರಿದರೆ ಕೆಲವು ತಿರುಪುಗಳನ್ನು ಬಿಚ್ಚಿ ಹೊಸದನ್ನು ಹಾಕಿದರಾಯಿತು. ಆಪತ್ತಿನಲ್ಲಿ ಅದೇ ಪಂಪಿನಿಂದ ದೋಣಿಯ ತಳದ ನೀರನ್ನೂ ಎತ್ತಿ ಹಾಕುವಂತೆ ಕೊಳವೆಯನ್ನು ಜೋಡಿಸಿಕೊಳ್ಳಬಹುದು. ಸಾಗರವನ್ನು ದಾಟುವವರು ನಮ್ಮನ್ನು ಕೇಳಿದರೆ ನಾವು ಇದನ್ನೇ ಹೇಳುವೆವು. ಅರಬ್ಬೀ ನಾವಿಕನ ಮರದ ಗೂಡಿಗೆ ಅತ್ಯಂತ ಸಮೀಪದ ಬಂಧು ಇದು. ವಿದ್ಯುಚ್ಛಕ್ತಿಯಿಂದ ನಡೆಯುವವೂ ಉಂಟು. ಗುಂಡಿಯೊತ್ತಿದರೆ ಸಾಕೆಂಬ ಸುಖ ಅವುಗಳಲ್ಲಿದೆ. ಆದರೆ ಮಧ್ಯಸಾಗರದಲ್ಲಿ ಬ್ಯಾಟರಿ ಬರಿದಾದ ರಾತ್ರಿ ಆ ಸುಖದ ಬೆಲೆ ತಿಳಿಯುತ್ತದೆ.

ಕೊಂಡಮೇಲೆ ಅದನ್ನು ಸಾಕಬೇಕು. ಅಡಿಗೆಯ ಎಣ್ಣೆಯನ್ನು ಆಗಾಗ ಸ್ವಲ್ಪ ಗುಂಡಿಗೆ ಹಾಕಿ ಪಂಪನ್ನು ನಡೆಯಿಸಿದರೆ ರಬ್ಬರು ಮೆದುವಾಗಿರುತ್ತದೆ. ಖನಿಜತೈಲ ಅದನ್ನು ಕೆಡಿಸಬಹುದು. ಹುಳಿಯ ವಿನಿಗರನ್ನು ರಾತ್ರಿಯೆಲ್ಲ ಕೊಳವೆಯಲ್ಲಿ ನಿಲ್ಲಿಸಿದರೆ ಸುಣ್ಣದ ಪದರ ಕಟ್ಟುವುದು ತಡವಾಗುತ್ತದೆ. ಪಂಪನ್ನು ಎರಡೇಟಿಗೆ ನಿಲ್ಲಿಸದೆ, ಒಳಗಿನದು ಕೊಳವೆಯನ್ನು ಪೂರ್ತಿಯಾಗಿ ದಾಟಿ ಸಮುದ್ರಕ್ಕೆ ಹೋಗುವವರೆಗೆ ನಡೆಯಿಸಬೇಕು; ಅರ್ಧ ದಾರಿಯಲ್ಲಿ ನಿಂತುದೇ ಗಟ್ಟಿಯಾಗುವುದು. ದುರ್ಗಂಧಕ್ಕೆ ಮಲವೇ ಕಾರಣವೆಂದು ಜನ ತಿಳಿಯುತ್ತಾರೆ. ಸಮುದ್ರದ ನೀರನ್ನು ಕೊಳವೆಯಲ್ಲಿ ಕೆಲವು ದಿನ ಹಾಗೆಯೇ ಬಿಟ್ಟರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ಕೊಳೆತು, ನೀರಿನ ಗಂಧಕದ ಅಂಶದಿಂದ ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ಬಹಳ ವೇಳೆ ಆಪಾದನೆಗೆ ಗುರಿಯಾಗಬೇಕಾದುದು ಅದು. ದೋಣಿಯನ್ನು ಬಿಟ್ಟು ಹೋಗುವ ಮೊದಲು ಸಿಹಿನೀರಿನಿಂದ ತೊಳೆಯಬೇಕು.

ಕಟ್ಟಿಕೊಳ್ಳುವುದಕ್ಕೆ ಇನ್ನೊಂದು ಪ್ರಧಾನ ಕಾರಣ ಕಾಗದ. ಮೊದಲು ತಿಂದದ್ದಲ್ಲದೆ ಬೇರೇನನ್ನೂ ಇದರೊಳಗೆ ಹಾಕಕೂಡದೆಂದು ಪಾಶ್ಚಾತ್ಯ ದೋಣಿಗಳಲ್ಲಿ ಗೋಡೆಯ ಮೇಲೆ ಬರೆದು ತೂಗುಹಾಕಿರುತ್ತಾರೆ. ಅತಿಥಿಗಳು ಅದನ್ನು ಓದಿ ನಗುತ್ತಾರೆ, ಕಾಗದವನ್ನೂ ಹಾಕುತ್ತಾರೆ. ಈ ಒಂದು ವಿಷಯದಲ್ಲಿ ಚೆಂಬನ್ನು ಹಿಡಿಯುವ ನಮ್ಮ ಜನ ಹುಟ್ಟಿನಿಂದಲೇ ನುರಿತ ನಾವಿಕರೆಂದು ಹೇಳಿದರೆ ಆತ್ಮಪ್ರಶಂಸೆಯಾಗಲಾರದು.

ಸಮುದ್ರಕ್ಕೆ ಬಿಡು ಎಂದು ಇಷ್ಟು ಹೊತ್ತು ಲೀಲಾಜಾಲವಾಗಿ ಹೇಳಿದೆವು. ಸಮುದ್ರ ದೊಡ್ಡದು, ಬಂದರು ಸಣ್ಣದು. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧ ತಡೆಯಲಾರದೆ ಲಂಡನ್ನಿನ ಪಾರ್ಲಿಮೆಂಟು ಒಳಚರಂಡಿಗೆ ಹಣ ಕೊಟ್ಟಂತೆಯೇ, ವಿಹಾರದೋಣಿಗಳಿಂದ ತುಂಬಿದ ಬಂದರುಗಳ ನೀರು ಕೆಟ್ಟಮೇಲೆ ಕಾನೂನುಗಳು ಬಂದುವು. ಅಮೆರಿಕದಲ್ಲಿ ೧೯೭೨ರ ಶುದ್ಧಜಲದ ಕಾನೂನಿನ ಮೇರೆಗೆ ದಡದಿಂದ ಮೂರು ಮೈಲಿಗಳೊಳಗೆ ಸಂಸ್ಕರಿಸದ ಮಲಿನವನ್ನು ಬಿಡುವುದು ನಿಷಿದ್ಧ. ಹಡಗುಗಳ ಮಾಲಿನ್ಯವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ನಾಲ್ಕನೆಯ ಅನುಬಂಧ ೨೦೦೩ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ಅದರಂತೆ, ಅರೆದು ಸೋಂಕು ಕಳೆದುದನ್ನು ದಡದಿಂದ ಮೂರು ಮೈಲಿಗಳಾಚೆಯೂ, ಹಾಗೆ ಮಾಡದಿರುವುದನ್ನು ಹನ್ನೆರಡು ಮೈಲಿಗಳಾಚೆಯೂ, ಹಡಗು ಚಲಿಸುತ್ತಿರುವಾಗ ಮಾತ್ರ ಬಿಡಬಹುದು. ನಾನೂರು ಟನ್ನಿಗೆ ಕಡಮೆಯಾದ, ಹದಿನೈದಕ್ಕಿಂತ ಹೆಚ್ಚು ಜನರನ್ನು ಹೊರದ ದೋಣಿಗಳಿಗೆ ಇದು ಅನ್ವಯಿಸುವುದಿಲ್ಲವಾದರೂ, ಸಣ್ಣವರನ್ನು ಹಿಡಿಯುವುದಕ್ಕೆ ಆಯಾ ದೇಶಗಳ ಕಾನೂನುಗಳಿವೆ. ಆದಕಾರಣ ಈಗಿನ ದೋಣಿಗಳಲ್ಲಿ ಪಂಪಿಗೂ ಸಮುದ್ರಕ್ಕೂ ನಡುವೆ ಒಂದು ತೊಟ್ಟಿ ಸೇರಿದೆ. ಬಂದರಿನಲ್ಲಿರುವಾಗ ಎಲ್ಲವೂ ಆ ತೊಟ್ಟಿಗೆ. ದಡದ ಯಂತ್ರದಿಂದ ಅದನ್ನು ಬರಿದು ಮಾಡಿಸಿಕೊಳ್ಳಬೇಕು, ಇಲ್ಲವೇ ದೂರ ಸಮುದ್ರಕ್ಕೆ ಹೋದಮೇಲೆ ತಿರುಗಣಿಯನ್ನು ತಿರುಗಿಸಿ ಬಿಡಬೇಕು. ತೊಟ್ಟಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸುವುದು ಜಾಣತನ. ಹಾಗಿದ್ದರೆ ಬರಿದು ಮಾಡುವುದಕ್ಕೆ ಪಂಪೇ ಬೇಡ, ಆಕರ್ಷಣಶಕ್ತಿ ಕಳ್ಳತನವನ್ನು ಬಿಟ್ಟು ಮತ್ತೆ ಆಳಿನ ಕೆಲಸಕ್ಕೆ ಹಾಜರಾಗುತ್ತದೆ.